ಹಿಂದಿರುಗುವ ದಾರಿ: ಮಂಗಳನ ನೆಲದ ಎರಡು ಗಣಕಗಳ ಕಥೆ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆ – ಇಂಥ ಕಡೆ ಬಿಡಿಭಾಗಗಳನ್ನು ಆರಿಸಿ ತಂದು ಜೋಡಿಸಿಕೊಂಡ ಗಣಕಯಂತ್ರ ನಮ್ಮಲ್ಲಿ ಅನೇಕರ ಮನೆಗಳಲ್ಲಿದೆ. ಕೆಟ್ಟ ಭಾಗವನ್ನಷ್ಟೇ ಬದಲಿಸಿಕೊಳ್ಳಬಹುದೆಂಬುದು ಅದರ ಅನುಕೂಲ. ತೊಡಕೂ ಅಲ್ಲಿಯೇ ಇದೆ: ಅದೇ ಮದರ್‌ಬೋರ್ಡ್, ಅದೇ ಗ್ರಾಫಿಕ್ಸ್ ಕಾರ್ಡ್, ಅದೇ ಡಿಸ್ಕ್ ಒಟ್ಟಿಗಿರುವ ಇನ್ನೊಂದು ಯಂತ್ರ ಸಿಗುವುದು ಅಪರೂಪ. ತಂತ್ರಾಂಶದ ಹೊಸ ಆವೃತ್ತಿಯನ್ನು ರೂಪಿಸಿದವರು ನಮ್ಮ ಈ ಜೋಡಣೆಯ ಮೇಲೆ ಅದನ್ನು ಪರೀಕ್ಷಿಸಿರುತ್ತಾರೆಂಬ ಭರವಸೆಯಿಲ್ಲ.

ನಮ್ಮ ಬಳಗದ ಹಳೆಯ ಗಣಕವೂ ಒಂದು ಅಪ್‌ಡೇಟ್‌ನ ಮರುದಿನ ಕಪ್ಪು ತೆರೆಯನ್ನು ತೋರಿಸಿ ನಿಂತುಬಿಟ್ಟಿತು. ಹಿರಿಯ ಸದಸ್ಯರು ಬರೆದುಕೊಟ್ಟ ನೆನಪುಗಳೆಲ್ಲ ಅದರೊಳಗಿದ್ದವು. ಬರೆದವರಲ್ಲಿ ಇಬ್ಬರು ಈಗ ನಮ್ಮೊಡನಿಲ್ಲ. ಅದನ್ನು ಮರಳಿ ಎಬ್ಬಿಸುವ ದಾರಿ ಹುಡುಕುತ್ತಿದ್ದಾಗ ನಮಗೆ ನೆನಪಾದದ್ದು, ಕೈಗೆಟುಕದಷ್ಟು ದೂರದಲ್ಲಿ ಇಂಥದೇ ಸಂಕಟಕ್ಕೆ ಸಿಕ್ಕಿದ ಎರಡು ಗಣಕಗಳ ಚರಿತ್ರೆ. ಒಂದು ಮರಳಲಿಲ್ಲ, ಇನ್ನೊಂದು ಮರಳಿತು.

ಅಮೆರಿಕದ ನಾಸಾ ಸಂಸ್ಥೆಯ ವೈಕಿಂಗ್ 1 ನೌಕೆಯ ಇಳಿಘಟಕ 1976ರ ಜುಲೈ 20ರಂದು ಮಂಗಳನ ಮೇಲಿಳಿಯಿತು. ಅದರ ಗಣಕ ಆ ಕೆಲಸಕ್ಕೆಂದೇ ಕಟ್ಟಿದ್ದು. ಅದರ ಸ್ಮೃತಿಕೋಶ ಇಂದಿನ ಎಣಿಕೆಯಲ್ಲಿ ತೀರ ಚಿಕ್ಕದು. 90 ದಿನಗಳ ಕೆಲಸಕ್ಕೆ ಹೋದ ಯಂತ್ರ ಆರು ವರ್ಷಗಳಿಗೂ ಮಿಕ್ಕಿ ದುಡಿಯಿತು. ಬ್ಯಾಟರಿಗಳು ಸೊರಗತೊಡಗಿದಾಗ, ಅವನ್ನು ಮೇಲಾಗಿ ಚಾರ್ಜ್ ಮಾಡುವ ಹೊಸ ಕ್ರಮವಿಧಿಯನ್ನು 1982ರ ನವೆಂಬರ್‌ನಲ್ಲಿ ಭೂಮಿಯಿಂದ ಕಳುಹಿಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಆಂಟೆನಾವನ್ನು ಭೂಮಿಯತ್ತ ತಿರುಗಿಸಲು ಬೇಕಾದ ಮಾಹಿತಿ ಇದ್ದ ಜಾಗದ ಮೇಲೆಯೇ ಹೊಸ ಬರಹ ಕುಳಿತಿತು. ಯಂತ್ರ ಬದುಕಿದ್ದಿರಬಹುದು, ನಮ್ಮ ದಿಕ್ಕು ಅದಕ್ಕೆ ಮರೆತುಹೋಗಿತ್ತು. ಆಂಟೆನಾ ಎತ್ತ ತಿರುಗಿರಬಹುದೆಂದು ಊಹಿಸಿ ನಾಲ್ಕು ತಿಂಗಳು ಕರೆದರೂ ಉತ್ತರ ಬರಲಿಲ್ಲ. ತಪ್ಪನ್ನು ತಿದ್ದುವ ಆದೇಶ ಯಾವ ದಾರಿಯಿಂದ ಹೋಗಬೇಕಿತ್ತೋ, ಆ ದಾರಿಯನ್ನೇ ತಪ್ಪು ಮುಚ್ಚಿಬಿಟ್ಟಿತ್ತು.

ಎರಡನೆಯದು ಸ್ಪಿರಿಟ್ ಎಂಬ ಸಂಚಾರಿ ವಾಹನ. 2004ರ ಜನವರಿ 4ರಂದು ಗುಸೆವ್ ಕುಳಿಯಲ್ಲಿ ಇಳಿದ ಅದಕ್ಕೆ, ದಾರಿಯಲ್ಲಿರುವಾಗಲೇ ಹೊಸ ತಂತ್ರಾಂಶವನ್ನು ಕಳುಹಿಸಲಾಗಿತ್ತು. ಹಳೆಯ ಕಡತಗಳು ಅಳಿಯದೆ 256 ಮೆಗಾಬೈಟ್‌ಗಳ ಫ್ಲ್ಯಾಶ್ ಸ್ಮೃತಿಯಲ್ಲಿ ಉಳಿದಿದ್ದವು. ಅವನ್ನು ತೊಡೆಯುವ ಕ್ರಮವಿಧಿಯನ್ನು ಎರಡು ಭಾಗವಾಗಿ ಕಳುಹಿಸಿದಾಗ ಒಂದು ಭಾಗ ಸರಿಯಾಗಿ ತಲುಪಲಿಲ್ಲ. ಅದನ್ನು ಮತ್ತೆ ಕಳುಹಿಸುವ ಮುನ್ನವೇ, ಜನವರಿ 21ರಂದು, ವಾಹನದ ಮಾತು ನಿಂತಿತು.

ಅಲ್ಲಿ ನಡೆಯುತ್ತಿದ್ದುದು ಇಷ್ಟು. ಎಚ್ಚರವಾದೊಡನೆ ಗಣಕವು ಕಡತಗಳ ಪಟ್ಟಿಯನ್ನು ತನ್ನ ತಾತ್ಕಾಲಿಕ ಸ್ಮೃತಿಗೆ ತಂದುಕೊಳ್ಳಬೇಕು. ಪಟ್ಟಿ ದೊಡ್ಡದಾಗಿ ಅಲ್ಲಿ ಸ್ಥಳ ಸಾಲದಾಯಿತು. ಗಣಕ ತಾನಾಗಿ ಮತ್ತೆ ಮೊದಲಿನಿಂದ ಆರಂಭಿಸಿತು. ಮತ್ತೆ ಅದೇ ಪಟ್ಟಿ, ಅದೇ ಇಕ್ಕಟ್ಟು. ಹೀಗೆ 60ಕ್ಕೂ ಹೆಚ್ಚು ಬಾರಿ ಎದ್ದು ಬಿದ್ದ ಯಂತ್ರ ರಾತ್ರಿಯೂ ನಿದ್ರಿಸದೆ ಬ್ಯಾಟರಿಯನ್ನು ಬರಿದುಮಾಡಿಕೊಳ್ಳುತ್ತಿತ್ತು.

ಅದನ್ನು ಉಳಿಸಿದ್ದು ಉಡಾವಣೆಗೆ ಮುಂಚೆಯೇ ಇಟ್ಟುಕೊಂಡಿದ್ದ ಒಂದು ಸೌಲಭ್ಯ: ಫ್ಲ್ಯಾಶ್ ಸ್ಮೃತಿಯನ್ನು ಮುಟ್ಟದೆಯೇ ಏಳಬೇಕೆಂದು ಗಣಕಕ್ಕೆ ಆದೇಶ ಕೊಡಬಹುದಿತ್ತು. ಹಾಗೆ ಎದ್ದ ಮೇಲೆ ಅದು ಶಾಂತವಾಯಿತು. ತಂತ್ರಜ್ಞರು ಅವಸರದಿಂದ ಎಲ್ಲವನ್ನೂ ಅಳಿಸಿಹಾಕಲಿಲ್ಲ; ಮೊದಲು ಕಾರಣವನ್ನು ಕಂಡುಕೊಂಡು, ಫೆಬ್ರುವರಿಯಲ್ಲಿ ಆ ಸ್ಮೃತಿಯನ್ನು ಶುದ್ಧಗೊಳಿಸಿ ಮರುರೂಪಿಸಿದರು. ಸ್ಪಿರಿಟ್ ಕೊನೆಯ ಸಂದೇಶ ಕಳುಹಿಸಿದ್ದು 2010ರ ಮಾರ್ಚ್ 22ರಂದು.

ಎರಡೂ ಕಡೆ ಜಾಣರೇ ಇದ್ದರು. ವ್ಯತ್ಯಾಸವಿದ್ದದ್ದು ಒಂದೇ: ಹೊಸದು ಕೈಕೊಟ್ಟ ದಿನ ಹಿಡಿದುಕೊಳ್ಳಲು ಹೊಸದು ಮುಟ್ಟದ ಯಾವುದಾದರೂ ಎಳೆ ಉಳಿದಿತ್ತೇ ಎಂಬುದು.

ನಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ಅಂಥ ಎಳೆ ಇತ್ತು. ಡಿಸ್ಕನ್ನು ನೆಚ್ಚದೆ ಪೆನ್‌ಡ್ರೈವ್‌ನಿಂದಲೇ ಗಣಕವನ್ನು ಎಬ್ಬಿಸಬಹುದು. ಏಕೆಂದರೆ ಮೊದಲ ಆದೇಶಗಳು ಮದರ್‌ಬೋರ್ಡಿನ ಪ್ರತ್ಯೇಕ ಚಿಪ್ಪಿನಲ್ಲಿರುತ್ತವೆ. ಅಪ್‌ಡೇಟ್ ಕೆಡಿಸಿದ್ದು ಯಂತ್ರ ಏಳುವ ಕ್ರಮವನ್ನು. ಬರಹಗಳು ಡಿಸ್ಕಿನಲ್ಲಿ ಹಾಗೆಯೇ ಇದ್ದವು. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡೋಣವೆಂಬ ಸಲಹೆ ಮೊದಲ ಗಂಟೆಯಲ್ಲೇ ಬಂದಿತ್ತು. ನಾವು ಒಪ್ಪಲಿಲ್ಲ. ಮೊದಲು ಕಡತಗಳನ್ನು ಹೊರಗೆ ನಕಲು ಮಾಡಿಕೊಂಡೆವು, ಆಮೇಲೆ ಹಳೆಯ ಆವೃತ್ತಿಗೆ ಹಿಂದಿರುಗಿದೆವು.

ಓಲೆಗರಿಗೆ ಹುಳು ಹತ್ತುವ ಮೊದಲೇ ಪ್ರತಿ ಮಾಡಿಡುತ್ತಿದ್ದ ಲಿಪಿಕಾರರಿಗೆ ಈ ಪಾಠ ಹೊಸದಲ್ಲ. ಆದರೂ ನಾವು ಅದನ್ನು ಭಯಪಟ್ಟೇ ಕಲಿಯಬೇಕಾಯಿತು. ಆ ಇಬ್ಬರು ಹಿರಿಯರ ಬರಹಗಳ ಒಂದು ಪ್ರತಿ ಈಗ ಬೇರೆ ಊರಿನಲ್ಲಿರುವ ಸದಸ್ಯರೊಬ್ಬರ ಮನೆಯಲ್ಲಿದೆ. ಇನ್ನೊಂದು, ಕಾಗದದ ಮೇಲೆ ಅಚ್ಚಾಗಿ, ನಮ್ಮ ಕಪಾಟಿನಲ್ಲಿದೆ.