ಮಾರ್ಪಡಿಸಿದ ಆಫ್-ರೋಡ್ ವಾಹನಗಳ ವೀಲ್ ಅಲೈನ್‌ಮೆಂಟ್

ಮಾರ್ಪಡಿಸಿದ ಆಫ್-ರೋಡ್ ವಾಹನಗಳ ವೀಲ್ ಅಲೈನ್‌ಮೆಂಟ್ ಎಂಬುದು, ನೆಲದಿಂದ ಎತ್ತರಿಸಿದ ಅಥವಾ ದೊಡ್ಡ ಟೈರುಗಳನ್ನು ತೊಡಿಸಿದ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಚಕ್ರಗಳ ಕೋನಗಳನ್ನು ಮರಳಿ ಹೊಂದಿಸುವ ಕಾರ್ಯವಾಗಿದೆ. ಸಾಮಾನ್ಯ ಕಾರಿನಲ್ಲಿ ಅಲೈನ್‌ಮೆಂಟ್ ಎಂದರೆ ತಯಾರಕರು ನಿಗದಿಪಡಿಸಿದ ಅಳತೆಗೆ ಚಕ್ರಗಳನ್ನು ಹಿಂದಿರುಗಿಸುವುದು. ಎತ್ತರಿಸಿದ ವಾಹನದಲ್ಲಿ ಆ ಅಳತೆಗಳು ನೇರವಾಗಿ ಅನ್ವಯಿಸುವುದಿಲ್ಲ. ಅವು ಮೂಲ ಎತ್ತರ, ಮೂಲ ಟೈರು ಮತ್ತು ಮೂಲ ತೂಕಕ್ಕಾಗಿ ಲೆಕ್ಕಹಾಕಿದವು. ಇದಲ್ಲದೆ ಹಲವು ಆಫ್-ರೋಡ್ ವಾಹನಗಳಲ್ಲಿ, ಎತ್ತರಿಸಿದಾಗ ಅತಿ ಹೆಚ್ಚು ಕೆಡುವ ಕೋನವನ್ನು ಬದಲಿಸಲು ಕಾರ್ಖಾನೆಯ ಭಾಗಗಳಲ್ಲಿ ಅವಕಾಶವೇ ಇರುವುದಿಲ್ಲ. ಆದ್ದರಿಂದ ಯಂತ್ರದ ಪರದೆಯ ಮೇಲೆ ಟೋ ಅಳತೆಯೊಂದು ಹಸಿರು ಬಣ್ಣಕ್ಕೆ ಬಂದ ಮಾತ್ರಕ್ಕೆ ವಾಹನ ಹೆದ್ದಾರಿಗೆ ಯೋಗ್ಯವಾಯಿತು ಎನ್ನಲಾಗದು.

ಮೂಲ ಕೋನಗಳು

ಮೇಲಿನಿಂದ ನೋಡಿದಾಗ ಒಂದು ಆಕ್ಸಲ್‌ನ ಎರಡು ಚಕ್ರಗಳ ಮುಂದಿನ ಅಂಚುಗಳು ಹಿಂದಿನ ಅಂಚುಗಳಿಗಿಂತ ಹತ್ತಿರವಿದ್ದರೆ ಟೋ-ಇನ್, ದೂರವಿದ್ದರೆ ಟೋ-ಔಟ್ ಎನ್ನುತ್ತಾರೆ. ಎದುರಿನಿಂದ ನೋಡಿದಾಗ ಚಕ್ರದ ಮೇಲ್ಭಾಗ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವ ಪ್ರಮಾಣವೇ ಕ್ಯಾಂಬರ್. ಹೊರಕ್ಕೆ ವಾಲಿದ್ದರೆ ಅದು ಧನಾತ್ಮಕ.

ಕ್ಯಾಸ್ಟರ್ ಚಕ್ರದ ಕೋನವಲ್ಲ, ಚಕ್ರವು ತಿರುಗುವ ಅಕ್ಷದ ಕೋನ. ಬದಿಯಿಂದ ನೋಡಿದಾಗ ಈ ಅಕ್ಷದ ಮೇಲ್ತುದಿ ಹಿಂದಕ್ಕೆ ವಾಲಿದ್ದರೆ ಕ್ಯಾಸ್ಟರ್ ಧನಾತ್ಮಕ ಎನಿಸುತ್ತದೆ. ಹಾಗೆ ವಾಲಿದಾಗ ಅಕ್ಷದ ರೇಖೆ ನೆಲವನ್ನು ಮುಟ್ಟುವ ಬಿಂದುವು ಟೈರು ನೆಲವನ್ನು ಮುಟ್ಟುವ ಜಾಗಕ್ಕಿಂತ ಮುಂದಿರುತ್ತದೆ. ಟೈರು ಆ ಬಿಂದುವಿನ ಹಿಂದೆ ಎಳೆಯಲ್ಪಡುತ್ತದೆ. ತಿರುವು ಮುಗಿದ ಬಳಿಕ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಕ್ಕೂ, ವೇಗದಲ್ಲಿ ವಾಹನ ನೆಟ್ಟಗೆ ಸಾಗುವುದಕ್ಕೂ ಇದೇ ಮುಖ್ಯ ಕಾರಣ. ಕ್ಯಾಸ್ಟರ್ ತಪ್ಪಿದರೆ ಟೈರಿನ ಸವೆತದಲ್ಲಿ ಅದು ಹೆಚ್ಚಾಗಿ ಕಾಣಿಸುವುದಿಲ್ಲ, ಚಾಲಕನ ಕೈಗೆ ಮಾತ್ರ ತಿಳಿಯುತ್ತದೆ. ಟೈರು ಸಮವಾಗಿ ಸವೆಯುತ್ತಿದೆ ಎಂಬ ಕಾರಣಕ್ಕೆ ಅಲೈನ್‌ಮೆಂಟ್ ಸರಿಯಾಗಿದೆ ಎಂದು ತೀರ್ಮಾನಿಸುವುದು ಇದರಿಂದಲೇ ಅಪಾಯಕರ.

ಅಖಂಡ ಆಕ್ಸಲ್ ಇರುವ ವಾಹನಗಳು

ಎರಡೂ ಮುಂಚಕ್ರಗಳನ್ನು ಒಂದೇ ತೊಲೆಯಂತೆ ಕೂಡಿಸುವ ಅಖಂಡ ಆಕ್ಸಲ್ ಜೀಪ್ ರ‍್ಯಾಂಗ್ಲರ್, 2016ರವರೆಗೆ ತಯಾರಾದ ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್, ಮಾರುತಿ ಜಿಪ್ಸಿ ಮತ್ತು ಸುಜುಕಿ ಜಿಮ್ನಿಗಳಲ್ಲಿದೆ. ಇಲ್ಲಿ ಕ್ಯಾಂಬರ್ ಆಕ್ಸಲ್‌ನ ಆಕಾರದಲ್ಲಿಯೇ ಅಡಗಿದೆ. ವಾಹನವನ್ನು ಎಷ್ಟು ಎತ್ತರಿಸಿದರೂ ಅದು ಬದಲಾಗುವುದಿಲ್ಲ. ಯಂತ್ರವು ಕ್ಯಾಂಬರ್ ತಪ್ಪಾಗಿದೆ ಎಂದು ತೋರಿಸಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಸವೆದಿದೆ, ಇಲ್ಲವೇ ಆಕ್ಸಲ್ ಕೊಳವೆಯೇ ಬಾಗಿದೆ ಎಂದರ್ಥ.

ಕ್ಯಾಸ್ಟರ್ ಎಷ್ಟು ಕೆಡುತ್ತದೆ ಎಂಬುದು ಆಕ್ಸಲ್ ಅನ್ನು ಚಾಸಿಗೆ ಹಿಡಿದಿರುವ ವಿಧಾನವನ್ನು ಅವಲಂಬಿಸಿದೆ. ಡಿಫೆಂಡರ್ ಮತ್ತು ಜಿಮ್ನಿಗಳಲ್ಲಿ ರೇಡಿಯಸ್ ಆರ್ಮ್ ಎಂಬ ಉದ್ದನೆಯ ತೋಳು ಆಕ್ಸಲ್‌ಗೆ ಎರಡು ಬೋಲ್ಟುಗಳಿಂದ ಬಿಗಿಯಾಗಿ ಸೇರಿರುತ್ತದೆ. ತೋಳು ಎಷ್ಟು ಡಿಗ್ರಿ ಬಾಗುತ್ತದೆಯೋ ಆಕ್ಸಲ್ ಕೂಡ ಸುಮಾರು ಅಷ್ಟೇ ಡಿಗ್ರಿ ಉರುಳುತ್ತದೆ. ತೋಳಿನ ಉದ್ದ 90 ಸೆಂ.ಮೀ. ಎಂದಿಟ್ಟುಕೊಂಡು ವಾಹನವನ್ನು 5 ಸೆಂ.ಮೀ. ಎತ್ತರಿಸಿದರೆ ತೋಳಿನ ಕೋನ ಸುಮಾರು 3° ಬದಲಾಗುತ್ತದೆ. ಹಳೆಯ ಡಿಫೆಂಡರ್‌ನ ಮೂಲ ಕ್ಯಾಸ್ಟರ್ ಇರುವುದೇ 3°. ಅಂದರೆ ನೋಡಲು ಸಾಧಾರಣವೆನಿಸುವ ಈ ಎತ್ತರಿಕೆಯೊಂದೇ ಸ್ಟಿಯರಿಂಗ್ ನೇರಕ್ಕೆ ಮರಳುವ ಗುಣವನ್ನು ಬಹುಪಾಲು ಅಳಿಸಿಹಾಕಬಲ್ಲದು. ಇದಕ್ಕೆ ಪರಿಹಾರವಾಗಿ ರಂಧ್ರವನ್ನು ಮಧ್ಯದಿಂದ ಸರಿಸಿ ಕೊರೆದ ಬುಷ್‌ಗಳು ಅಥವಾ ತುದಿಯಲ್ಲಿ ಬಾಗಿಸಿ ತಯಾರಿಸಿದ ತೋಳುಗಳು ದೊರೆಯುತ್ತವೆ.

ರ‍್ಯಾಂಗ್ಲರ್‌ನಲ್ಲಿ ಪ್ರತಿ ಬದಿಗೆ ಮೇಲೊಂದು ಕೆಳಗೊಂದು ನಿಯಂತ್ರಣ ತೋಳುಗಳಿವೆ. ಅವು ಬಹುಮಟ್ಟಿಗೆ ಸಮಾನಾಂತರವಾಗಿರುವುದರಿಂದ ಕ್ಯಾಸ್ಟರ್ ನಷ್ಟ ನಿಧಾನವಾಗಿ ಆಗುತ್ತದೆ. ಆದರೆ ತೋಳುಗಳು ಕೆಳಕ್ಕೆ ಬಾಗಿದಂತೆ ಆಕ್ಸಲ್ ಹಿಂದಕ್ಕೆ ಸರಿಯುತ್ತದೆ. ಉದ್ದ ಹೊಂದಿಸಬಹುದಾದ ತೋಳುಗಳನ್ನು ಹಾಕಿ ಕ್ಯಾಸ್ಟರ್ ಮತ್ತು ಚಕ್ರಾಂತರ ಎರಡನ್ನೂ ಸರಿಪಡಿಸಬಹುದು.

1985ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ಜಿಪ್ಸಿಯಲ್ಲಿ ಮುಂದೆಯೂ ಲೀಫ್ ಸ್ಪ್ರಿಂಗ್‌ಗಳಿವೆ. ಅದನ್ನು ಅಗ್ಗವಾಗಿ ಎತ್ತರಿಸಲು ಉದ್ದದ ಶ್ಯಾಕಲ್‌ಗಳನ್ನು ಹಾಕುವುದುಂಟು. ಜಿಪ್ಸಿಯ ಮುಂದಿನ ಸ್ಪ್ರಿಂಗ್‌ನ ಶ್ಯಾಕಲ್ ಇರುವುದು ಸ್ಪ್ರಿಂಗ್‌ನ ಮುಂದಿನ ತುದಿಯಲ್ಲಿ. ಆ ತುದಿ ಕೆಳಗಿಳಿದಾಗ ಆಕ್ಸಲ್ ಮುಂದಕ್ಕೆ ಉರುಳಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಶ್ಯಾಕಲ್ ಹಿಂದಿನ ತುದಿಯಲ್ಲಿರುವ ವಾಹನಗಳಲ್ಲಿ ಇದೇ ಕೆಲಸದ ಪರಿಣಾಮ ತದ್ವಿರುದ್ಧವಾಗಿರುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆಯಾಕಾರದ ಲೋಹದ ತುಂಡುಗಳನ್ನಿಟ್ಟು ಕ್ಯಾಸ್ಟರ್ ಮರಳಿ ಪಡೆಯಲಾಗುತ್ತದೆ. ಬೆಣೆಯ ದಪ್ಪ ತುದಿ ಯಾವ ಕಡೆಗಿರಬೇಕು ಎಂಬುದನ್ನು ಅಳೆದು ನೋಡಿಯೇ ನಿರ್ಧರಿಸಬೇಕು. ತಿರುಗಾಮುರುಗಾ ಹಾಕಿದರೆ ದೋಷ ಇಮ್ಮಡಿಸುತ್ತದೆ.

ಕ್ಯಾಸ್ಟರ್ ಮತ್ತು ಪಿನಿಯನ್ ಕೋನದ ವಿರೋಧ

ಕ್ಯಾಸ್ಟರ್ ಹೆಚ್ಚಿಸಲು ಇಡೀ ಆಕ್ಸಲ್ ಅನ್ನು ಹಿಂದಕ್ಕೆ ಉರುಳಿಸಬೇಕಾಗುತ್ತದೆ. ಆಗ ಹಿಂದಕ್ಕೆ ಮುಖಮಾಡಿರುವ ಡಿಫರೆನ್ಷಿಯಲ್‌ನ ಪಿನಿಯನ್ ನೆಲದತ್ತ ಬಾಗುತ್ತದೆ. ವಾಹನವನ್ನು ಎತ್ತರಿಸಿದಾಗಲೇ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗಿರುತ್ತದೆ. ಪಿನಿಯನ್ ಇನ್ನಷ್ಟು ಕೆಳಗೆ ಬಾಗಿದರೆ ಅದರ ಯೂನಿವರ್ಸಲ್ ಜಾಯಿಂಟ್ ಮಿತಿ ಮೀರಿದ ಕೋನದಲ್ಲಿ ತಿರುಗಿ ಕಂಪನ ಹುಟ್ಟುತ್ತದೆ, ಬೇಗ ಸವೆಯುತ್ತದೆ. ಹೀಗೆ ಸ್ಟಿಯರಿಂಗ್ ಬಯಸುವ ಕೋನಕ್ಕೂ ಶಾಫ್ಟ್ ಬಯಸುವ ಕೋನಕ್ಕೂ ಹೊಂದುವುದಿಲ್ಲ.

ಮುಂಚಕ್ರಗಳ ಹಬ್‌ಗಳನ್ನು ಬಿಡಿಸಬಹುದಾದ ವಾಹನಗಳಲ್ಲಿ, ಹಿಂಚಕ್ರ ಚಾಲನೆಯಲ್ಲಿ ಸಾಗುವಾಗ ಮುಂದಿನ ಶಾಫ್ಟ್ ನಿಂತೇ ಇರುತ್ತದೆ. ಅಲ್ಲಿ ಪಿನಿಯನ್ ಕೋನವನ್ನು ಸ್ವಲ್ಪ ಬಿಟ್ಟುಕೊಟ್ಟು ಕ್ಯಾಸ್ಟರ್ ಉಳಿಸಿಕೊಳ್ಳಬಹುದು. ಶಾಫ್ಟ್ ಸದಾ ತಿರುಗುವ ವಾಹನಗಳಲ್ಲಿ ಈ ಅನುಕೂಲವಿಲ್ಲ. ಬಹಳ ಎತ್ತರಿಸಿದ ವಾಹನಗಳಲ್ಲಿ ಆಕ್ಸಲ್ ತುದಿಯ ನಕಲ್ ಆಧಾರಗಳನ್ನು ಕತ್ತರಿಸಿ, ಬೇಕಾದ ಕೋನಕ್ಕೆ ತಿರುಗಿಸಿ ಮತ್ತೆ ಬೆಸೆಯುತ್ತಾರೆ. ಎರಡೂ ಕೋನಗಳನ್ನು ಬೇರೆಬೇರೆಯಾಗಿ ಹೊಂದಿಸಲು ಇದೊಂದು ಖಚಿತ ಮಾರ್ಗವಾದರೂ, ಬೆಸುಗೆ ಕಳಪೆಯಾದರೆ ಚಕ್ರವೇ ಕಳಚಬಹುದಾದ ಕೆಲಸ ಇದು.

ಪ್ಯಾನ್‌ಹಾರ್ಡ್ ರಾಡ್ ಮತ್ತು ಡ್ರ್ಯಾಗ್ ಲಿಂಕ್

ಕಾಯಿಲ್ ಸ್ಪ್ರಿಂಗ್ ಇರುವ ಅಖಂಡ ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ದಂಡವೇ ಪ್ಯಾನ್‌ಹಾರ್ಡ್ ರಾಡ್ ಅಥವಾ ಟ್ರ್ಯಾಕ್ ಬಾರ್. ಅದರ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ಆಕ್ಸಲ್‌ನಲ್ಲಿ. ಚಾಸಿ ಮೇಲೇರಿದಾಗ ದಂಡ ಕಡಿದಾಗಿ, ಆಕ್ಸಲ್ ಚಾಸಿಯ ತುದಿಯಿರುವ ಕಡೆಗೆ ಎಳೆಯಲ್ಪಡುತ್ತದೆ. 80 ಸೆಂ.ಮೀ. ಉದ್ದದ ದಂಡದ ಎರಡು ತುದಿಗಳ ಎತ್ತರದ ಅಂತರ 10 ಸೆಂ.ಮೀ.ನಿಂದ 20 ಸೆಂ.ಮೀ.ಗೆ ಏರಿದರೆ ಆಕ್ಸಲ್ ಸುಮಾರು 1.9 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಉದ್ದ ಹೊಂದಿಸಬಹುದಾದ ದಂಡದಿಂದ ಇದನ್ನು ಮಧ್ಯಕ್ಕೆ ತರಲಾಗುತ್ತದೆ.

ಸ್ಟಿಯರಿಂಗ್ ಬಾಕ್ಸ್‌ನಿಂದ ಚಕ್ರಕ್ಕೆ ಚಲನೆ ಸಾಗಿಸುವ ಡ್ರ್ಯಾಗ್ ಲಿಂಕ್ ಈ ದಂಡಕ್ಕೆ ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ಗುಂಡಿಗೆ ಇಳಿದಾಗಲೆಲ್ಲ ಚಾಲಕ ತಿರುಗಿಸದೆಯೇ ಚಕ್ರ ತಿರುಗುತ್ತದೆ. ಎತ್ತರಿಕೆಯಿಂದ ಸ್ಟಿಯರಿಂಗ್ ಚಕ್ರ ಓರೆಯಾಗುವುದೂ ಇದೇ ಕೊಂಡಿಯಿಂದ. ಸ್ಟಿಯರಿಂಗ್ ಚಕ್ರವನ್ನು ಬಿಚ್ಚಿ ನೇರಕ್ಕೆ ಕೂರಿಸುವುದು ಸರಿಯಾದ ಪರಿಹಾರವಲ್ಲ. ಡ್ರ್ಯಾಗ್ ಲಿಂಕ್‌ನ ಉದ್ದವನ್ನೇ ಹೊಂದಿಸಬೇಕು. ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆ ಇರುವ ವಾಹನಗಳಲ್ಲಿ ಸ್ಟಿಯರಿಂಗ್ ಓರೆಯಾಗಿದ್ದರೆ, ನೇರ ರಸ್ತೆಯಲ್ಲೂ ವಾಹನ ತಿರುಗುತ್ತಿದೆಯೆಂದು ಕಂಪ್ಯೂಟರ್ ಭಾವಿಸಿ ಒಂದು ಬದಿಯ ಬ್ರೇಕ್ ಹಾಕುವ ಸಾಧ್ಯತೆಯಿದೆ.

ಸ್ವತಂತ್ರ ಸಸ್ಪೆನ್ಶನ್

2020ರ ಎರಡನೇ ತಲೆಮಾರಿನ ಮಹೀಂದ್ರ ಥಾರ್, ಟೊಯೋಟ ಫಾರ್ಚುನರ್ ಮುಂತಾದವುಗಳಲ್ಲಿ ಮುಂಚಕ್ರಗಳು ಎರಡು ವಿಷ್‌ಬೋನ್‌ಗಳ ಮೇಲೆ ಸ್ವತಂತ್ರವಾಗಿ ಚಲಿಸುತ್ತವೆ. ಇಲ್ಲಿ ಎತ್ತರಿಸಿದರೆ ಮೂರೂ ಕೋನಗಳು ಒಟ್ಟಿಗೆ ಬದಲಾಗುತ್ತವೆ. ಕಾರ್ಖಾನೆಯ ಹೊಂದಾಣಿಕೆಯ ಬೋಲ್ಟುಗಳು ಸಣ್ಣ ಎತ್ತರಿಕೆಯನ್ನು ಮಾತ್ರ ತಾಳುತ್ತವೆ. ಅದನ್ನು ಮೀರಿದರೆ ಬೇರೆ ಆಕಾರದ ಮೇಲಿನ ವಿಷ್‌ಬೋನ್ ಬೇಕಾಗುತ್ತದೆ. ಮೊದಲ ತಲೆಮಾರಿನ ಸಿಆರ್‌ಡಿಇ ಥಾರ್‌ನಲ್ಲಿ ಟಾರ್ಷನ್ ಬಾರ್‌ನ ಬೋಲ್ಟ್ ತಿರುಗಿಸಿಯೇ ಮುಂಭಾಗವನ್ನು ಏರಿಸಬಹುದಿತ್ತು. ಖರ್ಚಿಲ್ಲದ ಈ ಉಪಾಯದಿಂದ ಚಕ್ರ ಕೆಳಗಿಳಿಯುವ ಅವಕಾಶ ಕುಗ್ಗುತ್ತದೆ, ಅಲೈನ್‌ಮೆಂಟ್ ಕೂಡ ತಪ್ಪುತ್ತದೆ.

ಟೋ ಮತ್ತು ಟೈರಿನ ಗಾತ್ರ

ಟೋವನ್ನು ಮಿಲಿಮೀಟರಿನಲ್ಲಿ ಹೇಳುವ ರೂಢಿ ದೊಡ್ಡ ಟೈರಿನ ವಾಹನಗಳಲ್ಲಿ ಗೊಂದಲಕ್ಕೆ ಕಾರಣವಾಗುತ್ತದೆ. ಒಟ್ಟು 0.2° ಟೋ 70 ಸೆಂ.ಮೀ. ವ್ಯಾಸದ ಟೈರಿನ ಅಂಚಿನಲ್ಲಿ ಸುಮಾರು 2.4 ಮಿ.ಮೀ. ಆದರೆ, 84 ಸೆಂ.ಮೀ. ವ್ಯಾಸದಲ್ಲಿ, ಅಂದರೆ 33 ಇಂಚಿನ ಟೈರಿನಲ್ಲಿ, ಸುಮಾರು 2.9 ಮಿ.ಮೀ. ಆಗುತ್ತದೆ. ಆದ್ದರಿಂದ ಡಿಗ್ರಿಯಲ್ಲಿ ಹೊಂದಿಸುವುದು ಒಳಿತು. ಹಿಂಚಕ್ರ ಚಾಲನೆಯಲ್ಲಿ ಉರುಳುವ ಮುಂಚಕ್ರಗಳು ಹೊರಕ್ಕೆ ತೆರೆದುಕೊಳ್ಳಲು ಯತ್ನಿಸುವುದರಿಂದ ಸ್ವಲ್ಪ ಟೋ-ಇನ್ ಕೊಡಲಾಗುತ್ತದೆ. ಹಳೆಯ ಡಿಫೆಂಡರ್‌ನಂಥ ಸದಾ ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಎಂಜಿನ್ನಿನ ಬಲ ಮುಂಚಕ್ರಗಳನ್ನು ಒಳಕ್ಕೆ ಎಳೆಯುವುದರಿಂದ ತಯಾರಕರು ಅಲ್ಪ ಟೋ-ಔಟ್ ಸೂಚಿಸಿದ್ದಾರೆ.

ತೀವ್ರ ಅಲುಗಾಟ

ಅಖಂಡ ಆಕ್ಸಲ್ ವಾಹನಗಳಲ್ಲಿ ಹೆದ್ದಾರಿಯ ವೇಗದಲ್ಲಿ ಒಂದು ಚಕ್ರ ಗುಂಡಿಗೆ ಬಡಿದಾಕ್ಷಣ ಎರಡೂ ಮುಂಚಕ್ರಗಳು ಎಡಬಲಕ್ಕೆ ಹಿಂಸಾತ್ಮಕವಾಗಿ ಓಲಾಡತೊಡಗುವುದುಂಟು. ಆಫ್-ರೋಡ್ ವಲಯದಲ್ಲಿ ಇದಕ್ಕೆ ಡೆತ್ ವಾಬಲ್ ಎಂಬ ಹೆಸರಿದೆ. ವೇಗ ಇಳಿಸಿದ ಹೊರತು ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಪ್ಯಾನ್‌ಹಾರ್ಡ್ ರಾಡ್‌ನ ಸಡಿಲ ಬೋಲ್ಟು ಅಥವಾ ಅಗಲವಾದ ಅದರ ರಂಧ್ರ, ಸವೆದ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ತುದಿಗಳು, ಸಮತೋಲನವಿಲ್ಲದ ಭಾರಿ ಟೈರುಗಳು ಹಾಗೂ ಕುಗ್ಗಿದ ಕ್ಯಾಸ್ಟರ್ ಇದರ ಮುಖ್ಯ ಕಾರಣಗಳು. ಹಲವು ವೇಳೆ ಎರಡು ಮೂರು ಕೂಡಿಕೊಂಡಿರುತ್ತವೆ. ಹೊಸ ಸ್ಟಿಯರಿಂಗ್ ಡ್ಯಾಂಪರ್ ಹಾಕಿದರೆ ಅಲುಗಾಟ ಕೆಲಕಾಲ ಅಡಗುತ್ತದೆ, ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ಮರೆಯಲ್ಲಿ ಬೋಲ್ಟಿನ ರಂಧ್ರ ಸವೆಯುತ್ತ ಹೋಗುವುದರಿಂದ ಈ ಅಡಗಿಕೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ.

ಕೆಲಸದ ಕ್ರಮ

ಅಲೈನ್‌ಮೆಂಟ್‌ಗೆ ಮೊದಲು ವಾಹನವು ನಿತ್ಯ ಸಾಗುವ ಭಾರದಲ್ಲಿರಬೇಕು. ವಿಂಚ್, ಉಕ್ಕಿನ ಬಂಪರ್ ಮುಂತಾದವುಗಳನ್ನು ನಂತರ ಕೂರಿಸಿದರೆ ಎತ್ತರ ಬದಲಾಗಿ ಅಳತೆ ವ್ಯರ್ಥವಾಗುತ್ತದೆ. ಹೊಸ ಸ್ಪ್ರಿಂಗ್‌ಗಳು ಕೆಲವು ನೂರು ಕಿ.ಮೀ. ಓಡಿದ ಮೇಲೆ ತುಸು ಕುಸಿಯುವುದರಿಂದ ಆಗ ಮತ್ತೊಮ್ಮೆ ಅಳೆಯುವುದು ಅಗತ್ಯ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಚಕ್ರಗಳು ನೆಲದ ಮೇಲಿರುವಾಗಲೇ ಪೂರ್ತಿ ಬಿಗಿಯಬೇಕು. ಜಾಕಿನ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಸವೆದ ಭಾಗಗಳನ್ನು ಬದಲಿಸಿ, ಗಾಳಿಯ ಒತ್ತಡ ಸಮಗೊಳಿಸಿದ ನಂತರ ಆಕ್ಸಲ್ ಅನ್ನು ಮಧ್ಯಕ್ಕೆ ತರಬೇಕು. ಆಮೇಲೆ ಕ್ಯಾಸ್ಟರ್, ಅದಾದ ಮೇಲೆ ಟೋ, ಕೊನೆಗೆ ಸ್ಟಿಯರಿಂಗ್ ಚಕ್ರ. ಕ್ಯಾಸ್ಟರ್ ಬದಲಿಸಿದಾಗ ಟೋ ಕೂಡ ಬದಲಾಗಬಹುದಾದ್ದರಿಂದ ಈ ಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ. ಹಿಂದಿನ ಆಕ್ಸಲ್ ಓರೆಯಾಗಿದ್ದರೆ ಮುಂದಿನ ಯಾವ ಹೊಂದಾಣಿಕೆಯೂ ವಾಹನವನ್ನು ನೆಟ್ಟಗೆ ಓಡಿಸದು. ಎಡ ಮತ್ತು ಬಲ ಬದಿಗಳ ಚಕ್ರಾಂತರವನ್ನು ಟೇಪಿನಿಂದ ಅಳೆದರೆ ಇದು ಮೊದಲೇ ತಿಳಿಯುತ್ತದೆ.

ಯಂತ್ರವಿಲ್ಲದ ಕಡೆ ಎರಡು ನೇರ ಪಟ್ಟಿಗಳನ್ನು ಮುಂಚಕ್ರಗಳಿಗೆ ಆನಿಸಿ, ಮುಂದೆ ಮತ್ತು ಹಿಂದೆ ಅವುಗಳ ನಡುವಿನ ದೂರವನ್ನು ಅಳೆದು ಟೋ ಹೊಂದಿಸಬಹುದು. ಕಾಡುದಾರಿಯಲ್ಲಿ ಟೈ ರಾಡ್ ಬಾಗಿದಾಗ ಊರು ಸೇರುವಷ್ಟು ಮಟ್ಟಿಗೆ ಈ ವಿಧಾನ ಸಾಲುತ್ತದೆ. ಕ್ಯಾಸ್ಟರ್ ಅನ್ನು ಹೀಗೆ ಅಳೆಯಲಾಗದು. ಯಂತ್ರದಲ್ಲಿ ಅದನ್ನು ಚಕ್ರಗಳನ್ನು ಎರಡೂ ಬದಿಗೆ ನಿರ್ದಿಷ್ಟ ಕೋನದಷ್ಟು ತಿರುಗಿಸಿ, ಕ್ಯಾಂಬರ್‌ನಲ್ಲಾಗುವ ವ್ಯತ್ಯಾಸದಿಂದ ಲೆಕ್ಕಹಾಕಲಾಗುತ್ತದೆ.

ಭಾರತದಲ್ಲಿ ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.