ಸ್ಕುವಾ: ಒಂದು ಹಕ್ಕಿಯ ಅಪಖ್ಯಾತಿಯ ಚರಿತ್ರೆ

ಸ್ಕುವಾ ಎಂಬ ಹೆಸರು ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳ ಭಾಷೆಯಿಂದ ಬಂದದ್ದು. ಶಾಸ್ತ್ರೀಯ ನಾಮ ಮಾತ್ರ ಒಂದು ತಪ್ಪು ತಿಳಿವಳಿಕೆಯ ಕೂಸು. ಈ ಹಕ್ಕಿ ಬೇರೆ ಕಡಲಹಕ್ಕಿಗಳನ್ನು ಬೆನ್ನಟ್ಟುತ್ತದೆ; ಅವು ಗಾಬರಿಯಲ್ಲಿ ಕಕ್ಕಿದ ಮೀನನ್ನು ಎಷ್ಟೋ ಸಲ ನೀರು ಮುಟ್ಟುವ ಮೊದಲೇ ಹಿಡಿದು ನುಂಗುತ್ತದೆ. ದೂರದಿಂದ ಕಂಡವರು ಬಿದ್ದದ್ದು ಹಿಕ್ಕೆಯೆಂದೇ ನಂಬಿದ್ದರು. 1760ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಬ್ರಿಸನ್ ಈ ಕುಲವನ್ನು ‘ಸ್ಟರ್ಕೊರೇರಿಯಸ್’ ಎಂದು ಕರೆದ. ಲ್ಯಾಟಿನ್ನಿನಲ್ಲಿ ಅದರ ಮೂಲಪದಕ್ಕೆ ಮಲ ಎಂದರ್ಥ. ನಂಬಿಕೆ ಸುಳ್ಳಾದರೂ ಹೆಸರು ಉಳಿಯಿತು. ಈ ಹಕ್ಕಿಯ ಜೊತೆಗೆ ಬದುಕಿದವರ ಲೆಕ್ಕವೇ ಬೇರೆ. ಶೆಟ್ಲೆಂಡಿನ ಫೌಲಾ ದ್ವೀಪದವರು ಇದನ್ನು ‘ಬಾಂಕ್ಸಿ’ ಎನ್ನುತ್ತಾರೆ. ಕುರಿಮರಿಗಳ ಮೇಲೆ ಎರಗುವ ಹದ್ದನ್ನು ಓಡಿಸುತ್ತದೆಂದು 18ನೇ ಶತಮಾನದಲ್ಲೇ ಅವರು ಅದನ್ನು ಕಾಪಾಡುತ್ತಿದ್ದರು.

ದಕ್ಷಿಣ ಧ್ರುವದ ಸ್ಕುವಾ ವಿಜ್ಞಾನದ ಕಣ್ಣಿಗೆ ಬಿದ್ದದ್ದು ತಡವಾಗಿ. ಜೇಮ್ಸ್ ರಾಸ್‌ನ ಅಂಟಾರ್ಕ್ಟಿಕ ಯಾನದಲ್ಲಿ ‘ಎರೆಬಸ್’ ಹಡಗಿನ ವೈದ್ಯನಾಗಿದ್ದ ರಾಬರ್ಟ್ ಮೆಕಾರ್ಮಿಕ್ 1841ರಲ್ಲಿ ಪೊಸೆಷನ್ ದ್ವೀಪದಿಂದ ಒಂದು ಮಾದರಿ ತಂದ. ಅದು ಬೇರೆಯದೇ ಪ್ರಭೇದ ಎಂದು ಪಕ್ಷಿತಜ್ಞ ಹೊವಾರ್ಡ್ ಸಾಂಡರ್ಸ್ ತೀರ್ಮಾನಿಸಿ ಮೆಕಾರ್ಮಿಕ್‌ನ ಹೆಸರಿಟ್ಟದ್ದು 1893ರಲ್ಲಿ. ಧ್ರುವಾನ್ವೇಷಕ ರಾಬರ್ಟ್ ಸ್ಕಾಟ್‌ನ ಮೊದಲ ಯಾನದವರು ರಾಸ್ ದ್ವೀಪದ ಒಂದು ಚಾಚನ್ನು ಅಲ್ಲಿನ ಸ್ಕುವಾಗಳಿಂದಾಗಿ ‘ಸ್ಕುವರಿ’ ಎಂದರು. 1911ರಲ್ಲಿ ಸ್ಕಾಟ್ ಅದನ್ನೇ ಕೇಪ್ ಇವಾನ್ಸ್ ಎಂದು ಬದಲಿಸಿ ತನ್ನ ಬಿಡಾರ ಹೂಡಿದ.

ಆ ಕಾಲದ ಬರಹಗಳಲ್ಲಿ ಸ್ಕುವಾಕ್ಕೆ ಖಳನ ಪಾತ್ರ. ಕಾರಣ ಊಹಿಸುವುದು ಕಷ್ಟವಲ್ಲ. ಪೆಂಗ್ವಿನ್ ಕಾವಲಿಗೆ ಕೂತಿರುತ್ತದೆ. ಒಂದು ಸ್ಕುವಾ ಹಿಂದಿನಿಂದ ಅದರ ಬಾಲ ಎಳೆಯುತ್ತದೆ. ಪೆಂಗ್ವಿನ್ ಕುಕ್ಕಲು ತಿರುಗಿದ ಕ್ಷಣದಲ್ಲಿ ಜೋಡಿಹಕ್ಕಿ ಮೊಟ್ಟೆ ಕಿತ್ತುಕೊಂಡು ಹಾರುತ್ತದೆ. ಸ್ಕುವಾದ ಗೂಡಾದರೋ ಜಲ್ಲಿಯಲ್ಲಿ ಕೆರೆದ ಒಂದು ತಗ್ಗು ಮಾತ್ರ. ಇಡುವುದು ಎರಡು ಮೊಟ್ಟೆ. ಅನೇಕ ಗೂಡುಗಳಲ್ಲಿ ದೊಡ್ಡ ಮರಿ ಚಿಕ್ಕದನ್ನು ಕುಕ್ಕಿ ಹೊರಗಟ್ಟುತ್ತದೆ. ಹತ್ತಿರ ಹೋದ ಮನುಷ್ಯರ ತಲೆಗೂ ಸ್ಕುವಾ ಎರಗುತ್ತದೆ. ಹಾಗಾಗಿ ಸಂಶೋಧಕರು ಕೋಲೊಂದನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಡೆಯುತ್ತಾರೆ. ಏಟು ಕೋಲಿನ ತುದಿಗೆ ಬೀಳುತ್ತದೆ.

ಈ ಚಿತ್ರವನ್ನು ತಿದ್ದಿದವರಲ್ಲಿ ನ್ಯೂಜಿಲೆಂಡಿನ ಪ್ರಾಣಿಶಾಸ್ತ್ರಜ್ಞ ಯೂಅನ್ ಯಂಗ್ ಮುಖ್ಯರು. ರಾಸ್ ದ್ವೀಪದ ಕೇಪ್ ರಾಯ್ಡ್ಸ್‌ನಲ್ಲಿ ಕೂತು ಗಮನಿಸಿದ ಅವರು 1963ರಲ್ಲಿ ಪ್ರಕಟಿಸಿದ ತೀರ್ಮಾನ ಇದು: ಪೆಂಗ್ವಿನ್ ನೆಲೆಯ ಪಕ್ಕದಲ್ಲೇ ಗೂಡು ಕಟ್ಟಿದರೂ ಅಲ್ಲಿನ ಸ್ಕುವಾಗಳ ಮುಖ್ಯ ಆಹಾರ ಸಮುದ್ರದ ಮೀನು. ಇದನ್ನೇ ಎಲ್ಲ ಕಡೆಗೂ ಅನ್ವಯಿಸುವಂತಿಲ್ಲ. ಕಡಲಿನಿಂದ ಸುಮಾರು 200 ಕಿ.ಮೀ. ಒಳಗಿರುವ ಸ್ವಾರ್ಟ್‌ಹಾಮರೆನ್ ಬೆಟ್ಟದಲ್ಲಿ ಮೀನಿನ ಮಾತೇ ಇಲ್ಲ. ಅಲ್ಲಿ ಸ್ಕುವಾ ಬದುಕುವುದು ಪೆಟ್ರೆಲ್ ಹಕ್ಕಿಗಳ ಮೊಟ್ಟೆ, ಮರಿಗಳ ಮೇಲೆ. ಭಾರತದ ಮೈತ್ರಿ ಕೇಂದ್ರವಿರುವ ಶಿರ್ಮಾಕರ್ ಪ್ರದೇಶದಲ್ಲೂ ಅದರ ಗೂಡುಗಳಿವೆ.

ಎಂಜಲು ತಿನ್ನುವ ಹಕ್ಕಿ ಎಂಬ ಖ್ಯಾತಿಗೆ ಮನುಷ್ಯನ ಪಾಲೂ ಸೇರಿದೆ. ಜಾರುಬಂಡಿ ಎಳೆಯುವ ನಾಯಿಗಳಿಗೆಂದು ಕಡಿದ ಸೀಲ್‌ಗಳ ಕಳೇಬರ, ಆಮೇಲೆ ಸಂಶೋಧನಾ ಕೇಂದ್ರಗಳ ತಿಪ್ಪೆ ಸ್ಕುವಾಗಳನ್ನು ಕರೆತಂದವು. ಕಸದ ವಿಲೇವಾರಿಗೆ ಕಟ್ಟುನಿಟ್ಟು ಬಂದದ್ದು 1991ರಲ್ಲಿ ಸಹಿಯಾಗಿ 1998ರಲ್ಲಿ ಜಾರಿಯಾದ, ಅಂಟಾರ್ಕ್ಟಿಕದ ಪರಿಸರ ರಕ್ಷಣೆಯ ಮ್ಯಾಡ್ರಿಡ್ ಒಪ್ಪಂದದಿಂದ.

ಹಕ್ಕಿಯ ವ್ಯಾಪ್ತಿ ತಿಳಿದದ್ದು ಕಾಲುಂಗುರದಿಂದ. 1975ರ ಆರಂಭದಲ್ಲಿ ಅಂಟಾರ್ಕ್ಟಿಕದ ಪಾಮರ್ ಕೇಂದ್ರದ ಬಳಿ ಉಂಗುರ ತೊಡಿಸಿದ ಮರಿಯೊಂದು ಅದೇ ವರ್ಷ ಗ್ರೀನ್‌ಲೆಂಡಿನಲ್ಲಿ ಸಿಕ್ಕಿತು. ಇಷ್ಟು ಅಲೆಯುವ, ಹೆಣವನ್ನೂ ಬಿಡದ ಹಕ್ಕಿಗೆ ಸಾಂಕ್ರಾಮಿಕ ರೋಗ ಬಹುಬೇಗ ತಗಲುತ್ತದೆ. 2023ರ ಅಕ್ಟೋಬರಿನಲ್ಲಿ ದಕ್ಷಿಣ ಜಾರ್ಜಿಯಾದ ಬರ್ಡ್ ದ್ವೀಪದಲ್ಲಿ, ಇದರ ಸೋದರ ಪ್ರಭೇದವಾದ ಕಂದು ಸ್ಕುವಾಗಳಲ್ಲಿ ಮಾರಕ ತಳಿಯ ಹಕ್ಕಿಜ್ವರ ದೃಢಪಟ್ಟಿತು. ಅಂಟಾರ್ಕ್ಟಿಕ ವಲಯದಲ್ಲಿ ಅದೇ ಮೊದಲು. 2024ರ ಫೆಬ್ರವರಿಯಲ್ಲಿ ಅರ್ಜೆಂಟೀನಾದ ಪ್ರಿಮವೆರಾ ಕೇಂದ್ರದ ಬಳಿ ಸತ್ತುಬಿದ್ದಿದ್ದ ಸ್ಕುವಾಗಳಲ್ಲಿ ಅದೇ ರೋಗಾಣು ಪತ್ತೆಯಾಗಿ, ಖಂಡದ ನೆಲಕ್ಕೂ ಅದು ಕಾಲಿಟ್ಟದ್ದು ಖಚಿತವಾಯಿತು.