ಉಪ್ಪಿನ ಗಣಿಗೆ ಬಿಟ್ಟ ನೀರು ಎಲ್ಲಿ ಹೋಯ್ತು?

ಅಣು ವಿದ್ಯುತ್ ಸ್ಥಾವರದಲ್ಲಿ ಬಳಸಿ ಮುಗಿದ ಇಂಧನವನ್ನ ಎಲ್ಲಿ ಇಡೋದು? ಸಾವಿರಾರು ವರ್ಷ ವಿಕಿರಣ ಸೂಸುವ ವಸ್ತು ಅದು. ಇವತ್ತು ನಾನು ಹೇಳೋದು, ಇದಕ್ಕೆ ಉತ್ತರ ಸಿಕ್ಕೇಬಿಡ್ತು ಅಂತ ಅಮೆರಿಕ ಅಂದುಕೊಂಡಿದ್ದ ಒಂದು ಸಣ್ಣ ಊರಿನ ಕಥೆ. ಕಾನ್ಸಾಸ್ ರಾಜ್ಯದ ಲಯನ್ಸ್.

1957ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ನೆಲದಾಳದ ಉಪ್ಪಿನ ಪದರವೇ ಇದಕ್ಕೆ ಹೆಚ್ಚು ಭರವಸೆಯ ಜಾಗ ಅಂತ ವರದಿ ಕೊಡ್ತು. ತರ್ಕ ಸರಳ. ಕೋಟ್ಯಂತರ ವರ್ಷ ಉಪ್ಪು ಕರಗದೆ ಉಳಿದಿದೆ ಅಂದ್ರೆ ಅಲ್ಲಿ ನೀರು ಹರಿದಿಲ್ಲ. ಮೇಲಾಗಿ, ಒತ್ತಡ ಬಿದ್ದಾಗ ಉಪ್ಪು ನಿಧಾನವಾಗಿ ಜರುಗಿ ಬಿರುಕನ್ನ ತಾನೇ ಮುಚ್ಚಿಕೊಳ್ಳುತ್ತೆ. 1960ರ ದಶಕದಲ್ಲಿ ಓಕ್ ರಿಡ್ಜ್ ಪ್ರಯೋಗಾಲಯದವರು ಲಯನ್ಸ್‌ನ ಹಳೇ ಉಪ್ಪಿನ ಗಣಿಯಲ್ಲಿ, ಸುಮಾರು 300 ಮೀಟರ್ ಆಳದಲ್ಲಿ, ನಿಜವಾದ ವಿಕಿರಣಶೀಲ ಇಂಧನ ಇಟ್ಟು ಪರೀಕ್ಷೆ ಮಾಡಿ ವಾಪಸ್ ತೆಗೆದರು. ಫಲಿತಾಂಶ ಚೆನ್ನಾಗೇ ಬಂತು. 1970ರಲ್ಲಿ ಅಣುಶಕ್ತಿ ಆಯೋಗ ‘ಇದೇ ಜಾಗ’ ಅಂತ ಘೋಷಿಸಿಬಿಡ್ತು.

ತಕರಾರು ತೆಗೆದವರು ಚಳವಳಿಗಾರರು ಮಾತ್ರ ಅಲ್ಲ. ಕಾನ್ಸಾಸ್ ಭೂವೈಜ್ಞಾನಿಕ ಸಮೀಕ್ಷೆಯ ಮುಖ್ಯಸ್ಥ ವಿಲಿಯಂ ಹ್ಯಾಂಬಲ್ಟನ್ ಕೂಡ ಪ್ರಶ್ನೆ ಎತ್ತಿದರು. ಹುಡುಕುತ್ತಾ ಹೋದ ಹಾಗೆ, ಆ ಸುತ್ತಮುತ್ತ ಎಣ್ಣೆ, ಅನಿಲಕ್ಕಾಗಿ ಹಿಂದೆ ಕೊರೆದು ಬಿಟ್ಟಿದ್ದ ಬಾವಿಗಳು ಸಿಕ್ಕವು. ಅಂದ್ರೆ ಉಪ್ಪಿನ ಪದರಕ್ಕೆ ಮೇಲಿಂದಲೇ ತೂತು! ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದು. ಪಕ್ಕದ ಗಣಿಯವರು ಉಪ್ಪು ಕರಗಿಸಿ ತೆಗೆಯೋಕೆ ನೆಲದೊಳಕ್ಕೆ ನೀರು ಬಿಟ್ಟಿದ್ರು. ಅದರಲ್ಲಿ ದೊಡ್ಡ ಪಾಲು ವಾಪಸ್ ಬರಲೇ ಇಲ್ಲ. ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತೀವಲ್ಲ, ಇಲ್ಲಿ ಉಪ್ಪೇ ನೀರು ಕುಡಿದಿತ್ತು. ಯೋಜನೆ ಕೈಬಿಟ್ಟರು. ನನ್ನ ಪ್ರಕಾರ ಬಂಡೆಯ ವಿಜ್ಞಾನ ಇಲ್ಲಿ ಸೋಲಲಿಲ್ಲ. ಊರಿನವರನ್ನ ಮೊದಲೇ ಕೇಳಿದ್ದರೆ ಬಾವಿಗಳ ವಿಷಯ ಮೊದಲೇ ಗೊತ್ತಾಗ್ತಿತ್ತು.

ಆಮೇಲೆ 1980ರಲ್ಲಿ ಅಮೆರಿಕದ ಇಂಧನ ಇಲಾಖೆ ಎಲ್ಲ ದಾರಿಗಳನ್ನೂ ಒಟ್ಟಿಗೆ ತೂಗಿ ನೋಡ್ತು. ರಾಕೆಟ್‌ನಲ್ಲಿ ಬಾಹ್ಯಾಕಾಶಕ್ಕೆ ಕಳಿಸೋದು, ಸಮುದ್ರತಳದ ಕೆಸರಲ್ಲಿ ಹೂಳೋದು, ಧ್ರುವದ ಹಿಮದೊಳಗೆ ಇಳಿಸೋದು... ನಿಜಕ್ಕೂ ಪಟ್ಟಿಯಲ್ಲಿತ್ತು, ನಗಬೇಡಿ. ರಾಕೆಟ್ ಸಿಡಿದರೆ? ಕೊನೆಗೆ ಮತ್ತೆ ಅದೇ ಮಾತು: ಆಳದಲ್ಲಿ ಗಣಿ ತೋಡಿ ಹೂಳೋದು. 1987ರಲ್ಲಿ ಅಲ್ಲಿನ ಸಂಸತ್ತು ನೆವಾಡಾದ ಯಕ್ಕಾ ಬೆಟ್ಟ ಒಂದನ್ನೇ ಆರಿಸಿತು. ನೆವಾಡಾ ಒಪ್ಪಲಿಲ್ಲ. ಇಂಧನ ಇವತ್ತಿಗೂ ಸ್ಥಾವರಗಳ ಅಂಗಳದಲ್ಲೇ, ಉಕ್ಕು-ಕಾಂಕ್ರೀಟಿನ ಪೀಪಾಯಿಗಳಲ್ಲಿ ಮತ್ತು ನೀರಿನ ಕೊಳಗಳಲ್ಲಿ ಕೂತಿದೆ.

ಇದೆಲ್ಲ ದೂರದ ಮಾತು ಅನ್ಸುತ್ತಾ? ನಮ್ಮ ಕೆಜಿಎಫ್‌ನಲ್ಲೂ 1980ರ ದಶಕದಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ ಹೀಟರ್ ಇಟ್ಟು, ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತೆ ಅಂತ ಪ್ರಯೋಗ ಮಾಡಿದ್ರು. ಗಣಿ 2001ರಲ್ಲಿ ಮುಚ್ಚಿತು. 2012ರಲ್ಲಿ ಕೂಡಂಕುಳಂ ಪ್ರಕರಣದ ವಿಚಾರಣೆ ವೇಳೆ ಸುಪ್ರೀಂ ಕೋರ್ಟಿನಲ್ಲಿ ಅದೇ ಗಣಿಯ ಹೆಸರು ಕೇಳಿಬಂತು. ಕೋಲಾರದ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲ ಅಂತ ಅಣು ವಿದ್ಯುತ್ ನಿಗಮ ಸ್ಪಷ್ಟನೆ ಕೊಡಬೇಕಾಯ್ತು.